ಗಣಿತ: ವಸುಮತಿ

ಹೊಳೆಯ ದಂಡೆಯಲ್ಲಿದ್ದ ಆ ಆಶ್ರಮದಿಂದ ವರ್ಷಕ್ಕೊಂದು ಪಂಚಾಂಗ ಹೊರಡುತ್ತಿತ್ತು. ಸುತ್ತಲಿನ ಊರುಗಳವರು ಹಬ್ಬಕ್ಕೂ ಬಿತ್ತನೆಗೂ ಹಿರಿಯರ ತಿಥಿಗೂ ಅದನ್ನೇ ನೋಡುತ್ತಿದ್ದರು.

ಅದರ ಮೊದಲ ಪುಟದ ಅಡಿಯಲ್ಲಿ ಸಣ್ಣ ಅಕ್ಷರದ ಒಂದು ಸಾಲು ಇರುತ್ತಿತ್ತು: ‘ಗಣಿತ: ವಸುಮತಿ’.

ವಸುಮತಿ ತೀರಿಕೊಂಡು ಹದಿಮೂರು ವರ್ಷಗಳಾಗಿದ್ದವು. ಮೂರು ದಿನದ ಜ್ವರ, ಅಷ್ಟೆ. ಆಶ್ರಮದ ಗುರು ಗಣಪಯ್ಯ ಜೋಯಿಸರಿಗೆ ಅವಳು ಮೊದಲ ಶಿಷ್ಯೆ. ಈಗಿರುವ ಶಿಷ್ಯ ನರಹರಿಗೆ ಒಡಹುಟ್ಟಿದ ಅಕ್ಕ.

ಜೋಯಿಸರು ಕೈಯಲ್ಲಿ ಮಾಡುತ್ತಿದ್ದ ಗಣಿತವನ್ನೆಲ್ಲ ಅವಳು ಕಲಿತಳು. ಕಲಿತದ್ದನ್ನು ಕಂಪ್ಯೂಟರಿಗೆ ಕಲಿಸಿದಳು. ಅವಳು ಹೋದಮೇಲೂ ಆ ಪ್ರೋಗ್ರಾಮು ಪ್ರತಿ ವರ್ಷ ಪಂಚಾಂಗ ಬರೆದುಕೊಡುತ್ತಿತ್ತು.

ಯಂತ್ರವನ್ನು ಬದುಕಿಸಿಟ್ಟವನು ನರಹರಿ. ಫ್ಯಾನು ನಿಂತರೆ ಪೇಟೆಯ ಗುಜರಿಯಲ್ಲಿ ಹುಡುಕಿ ತಂದ. ಕೀಬೋರ್ಡಿನ ಗುಂಡಿಗಳು ಬಿದ್ದುಹೋದರೆ ಅಂಟು ಹಾಕಿ ಕೂರಿಸಿದ. ಅಕ್ಕ ಬರೆದ ಮೂಲ ಸಾಲುಗಳಿದ್ದ ಫ್ಲಾಪಿಗಳಿಗೆ ಮಾತ್ರ ಬೂಷ್ಟು ಹಿಡಿದಿತ್ತು. ಪ್ರೋಗ್ರಾಮು ಓಡುತ್ತಿತ್ತು, ಆದರೆ ಅದರ ಒಳಗೆ ಏನಿದೆ ಎಂದು ಓದಬಲ್ಲವರು ಉಳಿದಿರಲಿಲ್ಲ.

ಆ ವರ್ಷ ದೀಪಾವಳಿ ಕಳೆದ ಎಂಟನೆಯ ದಿನ ಯಂತ್ರ ನಿಂತಿತು.

ಮುಂದಿನ ಸಂವತ್ಸರದ ಪಂಚಾಂಗ ಅರ್ಧವಾಗಿತ್ತು. ಚೈತ್ರದಿಂದ ಆಶ್ವಯುಜದವರೆಗೆ ಏಳು ಮಾಸ ಕಾಗದಕ್ಕೆ ಬಂದಿದ್ದವು. ಐದು ಬಾಕಿ.

ಪೇಟೆಯ ರಿಪೇರಿಯವನು ಯಂತ್ರವನ್ನು ಬಿಚ್ಚಿ ನೋಡಿ, ಮತ್ತೆ ಮುಚ್ಚಿದ. “ಸ್ವಾಮಿ, ಇದರ ಬಿಡಿಭಾಗ ಇನ್ನು ಮ್ಯೂಸಿಯಮ್ಮಿನಲ್ಲಿ ಕೇಳಬೇಕು” ಎಂದ.

ನರಹರಿ ಹೊಸ ಕಂಪ್ಯೂಟರ್ ತಂದ. ಮೊದಲೇ ನಕಲು ಮಾಡಿಟ್ಟಿದ್ದ ಪ್ರೋಗ್ರಾಮನ್ನು ಅದಕ್ಕೆ ಹಾಕಿದ. ಹೊಸ ಯಂತ್ರ ಅದನ್ನು ಗುರುತಿಸಲೇ ಇಲ್ಲ.

ಒಂದು ತಿಂಗಳು ಅವನು ಬೇರೆ ಕೆಲಸ ಮುಟ್ಟಲಿಲ್ಲ. ಕೊನೆಗೆ ಒಂದು ಬೆಳಗ್ಗೆ ಜೋಯಿಸರ ಜಗಲಿಗೆ ಬಂದು ನಿಂತ.

“ಓಡಿತು ಗುರುಗಳೇ.”

“ಹೇಗೆ ಓಡಿಸಿದೆ?”

“ಹೊಸ ಯಂತ್ರದ ಒಳಗೆ ಹಳೆಯ ಯಂತ್ರದ ವೇಷ ಕಟ್ಟುವ ಒಂದು ತಂತ್ರಾಂಶ ಇದೆ. ಅದನ್ನು ಹಾಕಿದೆ. ತಾನಿರುವುದು ಬೇರೆ ಮನೆಯಲ್ಲಿ ಎಂದು ಅಕ್ಕನ ಪ್ರೋಗ್ರಾಮಿಗೆ ಗೊತ್ತೇ ಆಗುವುದಿಲ್ಲ.”

“ಸೊಸೆಗೆ ಅತ್ತೆಯ ಸೀರೆ ಉಡಿಸಿದೆ ಅನ್ನು.”

“ಹಾಗೆಯೇ.”

“ಕುಂಕುಮವನ್ನೂ ಅತ್ತೆಯ ಹಾಗೇ ಇಟ್ಟುಕೊಳ್ಳುತ್ತಾಳೋ?”

ನರಹರಿ ನಕ್ಕ. ತಿಂಗಳಲ್ಲಿ ಅವನು ನಕ್ಕದ್ದು ಅದೇ ಮೊದಲು.

“ನಗುವುದು ಆಮೇಲೆ” ಎಂದರು ಜೋಯಿಸರು. “ಮುಗಿದ ಏಳು ಮಾಸಗಳನ್ನು ಅದರಲ್ಲಿ ಇನ್ನೊಮ್ಮೆ ತೆಗೆ. ಹಳೆಯ ಹಾಳೆಯ ಜೊತೆ ತಾಳೆ ನೋಡು. ಒಂದೊಂದು ದಿನ, ಒಂದೊಂದು ಅಂಕಿ.”

ಎರಡು ದಿನ ತಾಳೆ ನೋಡಿದ. ಚೈತ್ರ ಸರಿಯಿತ್ತು. ವೈಶಾಖ ಸರಿಯಿತ್ತು. ಜ್ಯೇಷ್ಠ, ಆಷಾಢಗಳಲ್ಲೂ ಕೂದಲೆಳೆ ವ್ಯತ್ಯಾಸವಿರಲಿಲ್ಲ.

ಶ್ರಾವಣ ಬಹುಳ ದಶಮಿಗೆ ಬಂದಾಗ ಅವನ ಬೆರಳು ನಿಂತಿತು.

ಅದು ವಸುಮತಿ ತೀರಿಕೊಂಡ ತಿಥಿ.

ಹಾಳೆಗಳನ್ನು ಹಿಡಿದು ಗುರುಗಳ ಬಳಿಗೆ ಹೋದ. “ಶ್ರಾದ್ಧಕ್ಕೆ ಅಪರಾಹ್ನದ ಹೊತ್ತಿನ ತಿಥಿ ಮುಖ್ಯ ಅಲ್ಲವೇ ಗುರುಗಳೇ?”

“ಹೌದು.”

“ಈ ಸಲ ದಶಮಿ ಬುಧವಾರದ ಅಪರಾಹ್ನವನ್ನೂ ಮುಟ್ಟುತ್ತದೆ, ಗುರುವಾರದ್ದನ್ನೂ ಮುಟ್ಟುತ್ತದೆ.”

“ಯಾವತ್ತು ಹೆಚ್ಚು ಹೊತ್ತು ಇದೆಯೋ ಅವತ್ತು ಮಾಡು. ಇದನ್ನೂ ನಾನು ಹೇಳಬೇಕೇ?”

“ಹಳೆಯ ಹಾಳೆಯಲ್ಲಿ ಗುರುವಾರ ಒಂದು ವಿಘಳಿಗೆ ಹೆಚ್ಚು. ಹೊಸದರಲ್ಲಿ ಬುಧವಾರ ಒಂದು ವಿಘಳಿಗೆ ಹೆಚ್ಚು.”

ಜೋಯಿಸರು ತಲೆ ಎತ್ತಿದರು. ಅವರ ಕಣ್ಣಿಗೆ ಪೊರೆ ಬಂದು, ಹಾಳೆಯ ಅಂಕಿಗಳು ಕಾಣುತ್ತಿರಲಿಲ್ಲ. ಆದರೂ ಕೈ ನೀಡಿ ಎರಡೂ ಹಾಳೆಗಳನ್ನು ತೆಗೆದುಕೊಂಡು ತೊಡೆಯ ಮೇಲೆ ಇಟ್ಟುಕೊಂಡರು.

“ಯಾವುದು ಸರಿ ಗುರುಗಳೇ?”

“ಕೈಯಲ್ಲಿ ಮಾಡು.”

“ನಾನೇ?”

“ನನ್ನ ಕಣ್ಣು ಕಾಣುತ್ತಿದ್ದರೆ ನಿನ್ನನ್ನು ಕೇಳುತ್ತಿದ್ದೆನೇ? ಮಾಡು. ಯಾವ ಅಂಕಿಯನ್ನೂ ಬಿಡಬೇಡ.”

ಆ ಒಂದು ತಿಥಿಗೆ ಮೂರು ದಿನ ಹಿಡಿಯಿತು. ಎರಡು ಬಾರಿ ತಪ್ಪಿ ಮೊದಲಿನಿಂದ ಶುರು ಮಾಡಿದ. ಮೂರನೆಯ ದಿನದ ಸಂಜೆ ಉತ್ತರ ಸಿಕ್ಕಿತು.

“ಗುರುವಾರ” ಎಂದ. “ಅಕ್ಕನ ಯಂತ್ರವೇ ಸರಿ.”

“ಹೊಸದು ಯಾಕೆ ತಪ್ಪಿತು?”

“ಕಾರಣ ಹುಡುಕಿದೆ. ಹಳೆಯ ಯಂತ್ರ ಲೆಕ್ಕದ ನಡುವೆ ಹತ್ತೊಂಬತ್ತು ಅಂಕಿಗಳನ್ನು ಹಿಡಿದಿಟ್ಟುಕೊಳ್ಳುತ್ತಿತ್ತು. ಈ ವೇಷಕ್ಕೆ ಹಿಡಿಯಲು ಬರುವುದು ಹದಿನಾರೇ. ಕೊನೆಯ ಮೂರು ಬಿದ್ದುಹೋಗುತ್ತವೆ.”

“ಬಿದ್ದದ್ದು ಅದಕ್ಕೆ ಗೊತ್ತಾಗುತ್ತದೆಯೇ?”

“ಇಲ್ಲ. ಎಲ್ಲ ಸರಿಯಿದೆ ಎಂದೇ ಬರೆದುಕೊಡುತ್ತದೆ.”

“ಬೇರೆ ವೇಷ?”

“ಎರಡು ಹಾಕಿ ನೋಡಿದೆ. ಒಂದರಲ್ಲಿ ಪ್ರೋಗ್ರಾಮು ಏಳುವುದೇ ಇಲ್ಲ. ಇನ್ನೊಂದರಲ್ಲಿ ಎದ್ದು, ಆಷಾಢದ ನಡುವೆ ಬಿದ್ದುಹೋಗುತ್ತದೆ.”

“ಹಾಗಾದರೆ ಕಾರ್ತಿಕದಿಂದ ಫಾಲ್ಗುಣದವರೆಗೆ?”

ಆ ಐದು ಮಾಸಗಳಿಗೆ ಹಳೆಯ ಹಾಳೆ ಇರಲಿಲ್ಲ. ಎಲ್ಲಿ ತಪ್ಪಿದೆಯೋ ನೋಡಲು ಪಕ್ಕದಲ್ಲಿ ಇಡುವುದಕ್ಕೆ ಏನೂ ಇರಲಿಲ್ಲ. ಒಂದು ತಿಥಿಗೆ ಮೂರು ದಿನವಾದರೆ ನೂರೈವತ್ತು ತಿಥಿ ಮುಗಿಯುವಷ್ಟರಲ್ಲಿ ಆ ಸಂವತ್ಸರವೇ ಕಳೆದುಹೋಗುತ್ತದೆ.

“ಒಂದು ವಿಘಳಿಗೆ ಎಂದರೆ ಇಪ್ಪತ್ತನಾಲ್ಕು ಸೆಕೆಂಡು ಗುರುಗಳೇ” ಎಂದ ಕೊನೆಗೆ. “ಯಾರಿಗೂ ತಿಳಿಯುವುದಿಲ್ಲ.”

“ತಿಳಿಯುವುದಿಲ್ಲ” ಎಂದು ಜೋಯಿಸರು ಒಪ್ಪಿದರು. “ಅಚ್ಚಿಗೆ ಕೊಡು. ಊರಿಗೆ ಪಂಚಾಂಗ ಬೇಕು. ಮೊದಲ ಪುಟದ ಕೆಳಗಿನ ಸಾಲು ಮಾತ್ರ ತೆಗೆದುಬಿಡು.”

ನರಹರಿಗೆ ಮಾತು ಕೇಳಿಸಿತು. ಅದು ಒಳಗೆ ಇಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

“ಅಕ್ಕನ ಹೆಸರನ್ನೇ?”

“ಹೂಂ.”

“ಗುರುಗಳೇ, ಅವಳ ಹೆಸರು ಲೋಕದಲ್ಲಿ ಉಳಿದಿರುವುದು ಆ ಒಂದು ಸಾಲಿನಲ್ಲಿ. ಅವಳಿಗೆ ಮದುವೆಯಿಲ್ಲ, ಮಕ್ಕಳಿಲ್ಲ. ಮನೆಯಲ್ಲಿ ಒಂದು ಫೋಟೋ ಇತ್ತು, ಅದಕ್ಕೆ ನೀರಿಳಿಯಿತು. ಈ ಯಂತ್ರಕ್ಕೆ ನಾನು ಹದಿಮೂರು ವರ್ಷ ಜೀವ ತೇಯ್ದದ್ದು ಪಂಚಾಂಗಕ್ಕಾಗಿ ಎಂದುಕೊಂಡಿರಾ?”

“ಇಲ್ಲ. ಅಷ್ಟು ದಡ್ಡನಲ್ಲ ನಾನು.”

“ಮತ್ತೆ ತೆಗೆ ಅನ್ನುತ್ತೀರಿ.”

“ಕೂತುಕೋ.”

ಅವನು ಕೂರಲಿಲ್ಲ.

ಜೋಯಿಸರು ಕೇಳಿದರು: “ನಿನ್ನ ಅಕ್ಕ ನಿನ್ನನ್ನು ಊಟಕ್ಕೆ ಹೇಗೆ ಕರೆಯುತ್ತಿದ್ದಳು? ಅವಳ ಹಾಗೇ ಕರೆದು ತೋರಿಸು.”

ನರಹರಿಗೆ ಅದು ಕಷ್ಟವಾಗಲಿಲ್ಲ. ದಿನಕ್ಕೊಮ್ಮೆಯಾದರೂ ಅವನಿಗೆ ಆ ದನಿ ಕೇಳಿಸುತ್ತಿತ್ತು. ಕಣ್ಣು ಮುಚ್ಚಿ, ಹೆಸರನ್ನು ತುಸು ಎಳೆದು, ಮೆಲ್ಲಗೆ ಅಂದ: “ನರಹರೀ, ಅನ್ನ ಆರಿಹೋಗುತ್ತದೆ, ಬಾರೋ.”

ಜೋಯಿಸರು ತಲೆ ಅಲ್ಲಾಡಿಸಿದರು.

“ಅವಳು ಕರೆಯುತ್ತಿರಲಿಲ್ಲ” ಎಂದರು. “ಇಲ್ಲಿ ಅಡುಗೆಮನೆಯ ಬಾಗಿಲಿಗೆ ಬಂದು ಸೌಟಿನಿಂದ ಈ ಕಂಬಕ್ಕೆ ಎರಡು ಸಲ ತಟ್ಟುತ್ತಿದ್ದಳು. ಕಂಬ ಹಾಳಾಗುತ್ತದೆ ಮಾರಾಯ್ತಿ ಎಂದು ನಾನು ಬೈದದ್ದೂ ಉಂಟು.”

“ಇಲ್ಲ ಗುರುಗಳೇ. ಕರೆಯುತ್ತಿದ್ದಳು. ನನಗೆ ಸ್ಪಷ್ಟವಾಗಿ ಕೇಳಿಸುತ್ತದೆ.”

“ಕೇಳಿಸುತ್ತಿರಬಹುದು. ಅಂಕಿ ಬಿದ್ದದ್ದು ಆ ಯಂತ್ರಕ್ಕೂ ಗೊತ್ತಾಗಲಿಲ್ಲವಲ್ಲ.”

“ನಿಮಗೇ ಮರೆತಿರಬೇಕು. ನಿಮಗೆ ಎಂಬತ್ತಾಯಿತು.”

“ಇರಬಹುದು. ನನ್ನಲ್ಲಿ ಎಲ್ಲ ಅಂಕಿಯೂ ಇದೆ ಎಂದು ನಾನೆಲ್ಲಿ ಹೇಳಿದೆ?”

ನರಹರಿ ಕಂಬದ ಕಡೆ ನೋಡಿದ. ಹೋದ ವರ್ಷ ಆಶ್ರಮದ ಕಂಬಗಳನ್ನೆಲ್ಲ ಉಜ್ಜಿಸಿ ಬಣ್ಣ ಬಳಿಸಿದ್ದವನು ಅವನೇ. ಹತ್ತಿರ ಹೋಗಿ ಅಂಗೈಯಿಂದ ಮೇಲಿಂದ ಕೆಳಕ್ಕೆ ಸವರಿದ. ಕೈಗೆ ನುಣುಪು ಮಾತ್ರ ಸಿಕ್ಕಿತು.

“ಯಾರನ್ನು ಕೇಳಲಿ?” ಎಂದ.

ಮತ್ತೆ ಗುರುಗಳ ಕಡೆ ತಿರುಗಿದ.

“ಅವಳು ಕರೆದೇ ಇರಲಿಲ್ಲವಾದರೆ, ಇಷ್ಟು ವರ್ಷ ನನಗೆ ಕೇಳಿಸಿದ್ದು ಯಾರ ದನಿ ಗುರುಗಳೇ?”

ಹೊಳೆಯ ಆಚೆ ಯಾರೋ ಎಮ್ಮೆಗಳನ್ನು ನೀರಿನಿಂದ ಎಬ್ಬಿಸುತ್ತಿದ್ದರು.

ನರಹರಿ ಒಳಗೆ ಹೋಗಿ ಅಚ್ಚಿಗೆ ಹೋಗಬೇಕಾದ ಮೊದಲ ಪುಟವನ್ನೂ ಪೆನ್ನನ್ನೂ ತಂದ. ಗುರುಗಳ ಮುಂದೆ ನೆಲದ ಮೇಲೆ ಕುಳಿತ. ‘ಗಣಿತ’ ಎಂಬ ಪದವನ್ನು ಹಾಗೇ ಬಿಟ್ಟು, ಅದರ ಮುಂದಿನ ಹೆಸರಿನ ಮೇಲೆ ಒಂದು ಗೆರೆ ಎಳೆದ. ನೇರವಾದ ಗೆರೆ. ಕೆಳಗಿನ ಅಕ್ಷರಗಳನ್ನು ಇನ್ನೂ ಓದಬಹುದಾಗಿತ್ತು. ಇನ್ನೊಂದು ಗೆರೆ ಎಳೆಯಲು ಅವನ ಕೈ ಬರಲಿಲ್ಲ.

“ತೆಗೆದೆ” ಎಂದ.

“ಅಲ್ಲಿ ನಿನ್ನ ಹೆಸರು ಬರೆ.”

“ನನ್ನದೇ? ಗಣಿತ ನನ್ನದಲ್ಲ ಗುರುಗಳೇ. ಅದರ ಒಳಗೆ ಏನಿದೆ ಎಂದೂ ನನಗೆ ತಿಳಿಯದು. ಒಂದು ಸಾಲೂ ನಾನು ಬರೆದದ್ದಲ್ಲ.”

“ಗಣಿತ ಅವಳದೇ.”

“ಮತ್ತೆ?”

“ಕಾರ್ತಿಕದಿಂದ ಮುಂದೆ ಎಲ್ಲೋ ಒಂದು ದಿನ ತಪ್ಪುತ್ತದೆ. ಯಾರೋ ತಮ್ಮ ತಾಯಿಯ ಶ್ರಾದ್ಧಕ್ಕೆ ಬೇರೆ ದಿನ ಎಲೆ ಹಾಕುತ್ತಾರೆ. ಅದು ಯಾವ ದಿನ ಎಂದು ನಿನಗೂ ತಿಳಿಯುವುದಿಲ್ಲ, ಅವರಿಗೂ ತಿಳಿಯುವುದಿಲ್ಲ.”

ನರಹರಿಯ ಪೆನ್ನು ಕಾಗದದ ಮೇಲೆ ನಿಂತಿತ್ತು. ಮೊನೆಯ ಕೆಳಗೆ ಶಾಯಿ ಚುಕ್ಕೆಯಾಗಿ ಹರಡುತ್ತಿತ್ತು.

ಜೋಯಿಸರು ಕೈ ನೀಡಿ ತಡಕಾಡಿ ಅವನ ತಲೆಯನ್ನು ಮುಟ್ಟಿದರು.

“ತಪ್ಪಿಗೆ ಬದುಕಿರುವವನೊಬ್ಬನ ಹೆಸರು ಬೇಕು, ನರಹರಿ. ಬರೆ.”