ಕುಂಕುಮ ಮೆತ್ತಿಕೊಂಡ ಚಳಿಗಾಲದ ಹಕ್ಕಿ

ಭೂಮಿ ಆಗಿನ್ನೂ ಹೊಚ್ಚ ಹೊಸದು, ಕೂಸೇ. ಹಳ್ಳಗಳಿಗೆ ತಮ್ಮ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಗಾಳಿಗಂತೂ ಬಾಯಿ ಮುಚ್ಚಿಕೊಂಡು ಇರಲು ಬರುತ್ತಿರಲಿಲ್ಲ. ಅಲ್ಲಿ ಕೇಳಿದ್ದನ್ನು ಇಲ್ಲಿ ಹೇಳಿಕೊಂಡು ತಿರುಗುತ್ತಿತ್ತು.

ಆಗ ದೂರದ ಹಿಮದ ಬೆಟ್ಟದಲ್ಲಿ ಒಂದು ಜೋಡಿ ಪುಟ್ಟ ಹಕ್ಕಿಗಳಿದ್ದವು. ಗುಬ್ಬಿಯಷ್ಟು ಗಾತ್ರ, ದಪ್ಪ ಕೊಕ್ಕು. ಗಂಡೂ ಮಣ್ಣಿನ ಬಣ್ಣ, ಹೆಣ್ಣೂ ಮಣ್ಣಿನ ಬಣ್ಣ. ಚಳಿಗಾಲ ಬಂತು. ಕಾಳೆಲ್ಲ ಹಿಮದಡಿ ಮುಚ್ಚಿಹೋಯಿತು. ಪಾಪ, ಎರಡೂ ಹಸಿದು ಕಂಗಾಲಾದವು.

ಗಾಳಿ ಬಂದು ಹೇಳಿತು, “ದಕ್ಷಿಣಕ್ಕೆ ಹೋಗಿ. ಅಲ್ಲಿ ಕಪ್ಪು ಮಣ್ಣು, ಬಿಳಿ ಜೋಳ. ಎಳ್ಳಮಾವಾಸ್ಯೆಯ ದಿನ ಅಲ್ಲಿಯ ಜನ ಹೊಲಕ್ಕೇ ಊಟ ಬಡಿಸುತ್ತಾರೆ.”

“ಹೊಲಕ್ಕೆ ಊಟವೇ?”

“ಹೂಂ. ಚರಗ ಚೆಲ್ಲುವುದು ಅಂತಾರೆ. ಮೊದಲ ತುತ್ತು ಭೂತಾಯಿಗೆ, ಆಮೇಲೆ ಮನುಷ್ಯರಿಗೆ. ಅವತ್ತು ಇಲಿಗೂ ಊಟ, ಇರುವೆಗೂ ಊಟ.”

ಹಾರಿದವು, ಹಾರಿದವು, ಬೆಟ್ಟ ದಾಟಿ ಹಾರಿದವು, ಹೊಳೆ ದಾಟಿ ಹಾರಿದವು. ಸರಿಯಾಗಿ ಎಳ್ಳಮಾವಾಸ್ಯೆಯ ದಿನ ಜೋಳದ ಹೊಲಕ್ಕೆ ಬಂದವು. ಹೆಣ್ಣು ಸುಸ್ತಾಗಿ ಬಾರಿಕಂಟಿಯ ಮುಳ್ಳುಪೊದೆಯೊಳಗೆ ಕುಳಿತಿತು. “ನೀನು ಇಲ್ಲೇ ಇರು, ನಾನು ನೋಡಿ ಬರುತ್ತೇನೆ” ಎಂದು ಗಂಡು ಹೊರಟಿತು.

ಆ ಹೊಲ ಬಂಗಾರೆವ್ವನದು. ಹಕ್ಕಿ ಓಡಿಸುವುದರಲ್ಲಿ ಅವಳು ಗಟ್ಟಿಗಿತ್ತಿ. ದಿನವಿಡೀ ಅಟ್ಟಣಿಗೆಯ ಮೇಲೆ ನಿಂತು, ಕವಣೆ ಬೀಸಿ ಜೋಳ ಉಳಿಸುವವಳು. ಅಂದು ಹಬ್ಬವೆಂದು ಕೆಳಗಿಳಿದು, ಬನ್ನಿ ಮರದಡಿ ಐದು ಕಲ್ಲಿಟ್ಟು ಪೂಜೆಗೆ ಕುಳಿತಿದ್ದಳು. ಮುಂದೆ ತಟ್ಟೆ ತುಂಬ ಕುಂಕುಮ. ಹೊಸ ಸೀರೆ ಉಟ್ಟಿದ್ದರೂ ಕವಣೆ ಮಾತ್ರ ಸೊಂಟದಲ್ಲೇ ಇತ್ತು, ನೋಡು!

ರೆಕ್ಕೆಯ ಸದ್ದಾಯಿತು. ಯೋಚಿಸುವ ಮೊದಲೇ ಅವಳ ಕೈ ಎದ್ದಿತು. ಕವಣೆ ಝುಂಯ್ ಎಂದಿತು. ಕಲ್ಲು ರೆಕ್ಕೆಯನ್ನು ಸವರಿಕೊಂಡು ಹೋಯಿತು. ಹಕ್ಕಿ ತಲೆಕೆಳಗಾಗಿ ಕುಂಕುಮದ ತಟ್ಟೆಗೇ ಬಿತ್ತು. ತಲೆ, ಕೊರಳು, ಎದೆ ಎಲ್ಲ ಕೆಂಪಾಯಿತು.

“ಅಯ್ಯ ನನ್ನ ಶಿವನ! ಹಬ್ಬದ ದಿನಾ ಉಣ್ಣಾಕ ಬಂದದ್ದಕ್ಕ ಕಲ್ಲು ಒಗದ್ನೆಲ್ಲ!” ಎಂದು ಬಂಗಾರೆವ್ವ ಹಕ್ಕಿಯನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಗಂಡ ನಿಂಗಣ್ಣ ಅವಸರ ಮಾಡಿದ. “ಏಳ, ಹೊತ್ತಾತು. ಚರಗ ಚೆಲ್ಲೂಣು.”

“ಇದು ಹಾರೂತನಕ ನಾ ಏಳಂಗಿಲ್ರಿ.”

“ಭೂತಾಯಿ ಹಸದಾಳ!”

ಆಗ ನೆಲದೊಳಗಿಂದ ಭೂಮಿಯೇ ಮಾತಾಡಿತು. “ನನಗೇನೂ ಅವಸರವಿಲ್ಲಪ್ಪ. ನನ್ನ ಪಾಲು ಮೊದಲು ಅದಕ್ಕೆ ಕೊಡಿ.”

ಬಂಗಾರೆವ್ವ ಸಜ್ಜೆ ಕಡುಬನ್ನು ಪುಡಿ ಮಾಡಿ ಕೊಕ್ಕಿನ ಹತ್ತಿರ ಹಿಡಿದಳು. ಕೈ ಅಲುಗಿದರೆ ಸಾಕು, ಹಕ್ಕಿ ನಡುಗುತ್ತಿತ್ತು. ಅದಕ್ಕೆ ಕೈಯದೇ ಹೆದರಿಕೆ ಎಂದು ಆಗ ಅವಳಿಗೆ ತಿಳಿಯಿತು. ಪುಡಿಯನ್ನು ಮಡಿಲಿಗೆ ಹಾಕಿ, ಕೈಗಳನ್ನು ಹಾಗೇ ಬಿಟ್ಟು ಕುಳಿತಳು. ನಿಂಗಣ್ಣನೂ ಕುಳಿತ. ಜೋಳ ಅಲುಗಲಿಲ್ಲ. ಗಾಳಿ ಕೂಡ ಜನ್ಮದಲ್ಲಿ ಮೊದಲ ಸಲ ಬಾಯಿ ಮುಚ್ಚಿತು. ಕಂಟಿಯೊಳಗಿಂದ ಹೆಣ್ಣು ಹಕ್ಕಿ ಮಾತ್ರ “ಏಳು, ಏಳು” ಎಂದು ಮೆಲ್ಲಗೆ ಕರೆಯುತ್ತಿತ್ತು. 

ಬಿಸಿಲು ನೆತ್ತಿಯಿಂದ ಇಳಿಯಿತು. ಹಕ್ಕಿ ಕಣ್ಣು ಬಿಟ್ಟಿತು. ಕಡುಬಿನ ಒಂದು ಚೂರು ತಿಂದಿತು. ಇನ್ನೊಂದು ತಿಂದಿತು. ರೆಕ್ಕೆ ಕೊಡವಿ ಎದ್ದು ನಿಂತಿತು.

“ತಪ್ಪಾತು, ನನ್ನಪ್ಪಾ” ಎಂದಳು ಬಂಗಾರೆವ್ವ.

“ಸಿಟ್ಟಿಲ್ಲ, ಅವ್ವಾ. ಪ್ರತಿ ಚಳಿಗಾಲ ಬರುತ್ತೇನೆ. ಆದರೆ ಎತ್ತಿದ ಕೈ ಕಂಡರೆ ಎದೆ ಝಲ್ಲೆನ್ನುತ್ತದೆ. ಸುಮ್ಮನೆ ಕೂತವರಿಗಷ್ಟೇ ಕಾಣಿಸುತ್ತೇನೆ” ಎಂದು ಹಕ್ಕಿ ಹಾರಿತು.

ಕಂಟಿಯಲ್ಲಿದ್ದ ಹೆಣ್ಣು ಅದನ್ನು ನೋಡಿ ಅಳಬೇಕೋ ನಗಬೇಕೋ ತಿಳಿಯದೆ, “ಇದೇನು ವೇಷ?” ಎಂದಿತು. ಗಂಡು ಹಳ್ಳದಲ್ಲಿ ಮುಳುಗಿತು, ತಿಕ್ಕಿತು, ಮತ್ತೆ ಮುಳುಗಿತು. ಕೆಂಪು ಹೋಗಲೇ ಇಲ್ಲ.

ಈ ಹಕ್ಕಿ ಎಲ್ಲರಿಗೂ ಸಿಗುವಂಥದ್ದಲ್ಲ. ಹಕ್ಕಿ ನೋಡುವ ಹುಚ್ಚು ಹತ್ತಿದ ಮೇಲೂ ನನಗೆ ಇದು ಕಾಣಲು ಎಷ್ಟೋ ಚಳಿಗಾಲ ಹಿಡಿಯಿತು. ಸುಮ್ಮನೆ ಕೂರಲು ನನಗೆಲ್ಲಿ ಬರುತ್ತಿತ್ತು?

ಅದಕ್ಕೇ ಇಂದಿಗೂ ಗಂಡಿನ ತಲೆ, ಎದೆ ಕೆಂಪು, ಹೆಣ್ಣು ಮಣ್ಣಿನ ಬಣ್ಣ. ಅದಕ್ಕೇ ನಿನ್ನೆ ನೀನು ದುರ್ಬೀನನ್ನು ಗಬಕ್ಕನೆ ಎತ್ತಿದಾಗ ಅದು ಮಾಯವಾಯಿತು. ಈಗ ನಿನ್ನ ಕೈ ಮಡಿಲಲ್ಲೇ ಇದೆಯಲ್ಲ, ಉಸಿರು ಬಿಗಿಹಿಡಿದು ಆ ಒಣಗಿದ ಜೋಳದ ದಂಟಿನ ತುದಿ ನೋಡು, ಕೂಸೇ: ಬಂದು ಕೂತಿದೆ.