ಹಿಮ್ಮಡಿಯ ಕೆಳಗಿನ ಹೊಲಿಗೆ

ಹೊಳೆಯ ದಂಡೆಯ ಮೇಲೆ ಒಂದು ಆಶ್ರಮವಿತ್ತು. ಅಲ್ಲಿದ್ದವರು ಇಬ್ಬರೇ: ಗುರು ಅಡವಯ್ಯ, ಶಿಷ್ಯ ಹೊನ್ನಯ್ಯ. ಸುತ್ತಲಿನ ಜನ ಗುರುಗಳನ್ನು ಅಜ್ಜಾರು ಎನ್ನುತ್ತಿದ್ದರು. ಹೊನ್ನಯ್ಯನೂ ಹಾಗೇ ಕರೆಯುತ್ತಿದ್ದ.

ಹೊಟ್ಟೆಪಾಡಿಗೆ ಅವರು ಹರಿಗೋಲು ಮಾಡಿಕೊಡುತ್ತಿದ್ದರು. ಬಿದಿರಿನ ಸೀಳುಗಳನ್ನು ದೊಡ್ಡ ದುಂಡು ಬುಟ್ಟಿಯಂತೆ ಹೆಣೆಯುವುದು, ಹೊರಗೆ ತೊಗಲು ಹೊದಿಸಿ ಹೊಲಿಯುವುದು, ಹೊಲಿಗೆಯ ಮೇಲೆ ಬಿಸಿ ರಾಳ ಬಳಿಯುವುದು. ರಾಳ ಬಳಿಯದಿದ್ದರೆ ಸೂಜಿಯ ತೂತುಗಳಿಂದಲೇ ನೀರು ಒಳಗೆ ಬರುತ್ತದೆ. ಇಷ್ಟು ತಿಳಿದಿದ್ದರೆ ಮುಂದಿನದೆಲ್ಲ ತಾನಾಗಿ ತಿಳಿಯುತ್ತದೆ.

ಒಂದು ಬೆಳಿಗ್ಗೆ ಹೊಲಿಗೆ ಹಾಕುತ್ತಿದ್ದ ಹೊನ್ನಯ್ಯ ಸೂಜಿ ನಿಲ್ಲಿಸಿ ಕೇಳಿದ:

"ಅಜ್ಜಾರೇ, ನಂಬಿಸಿ ಕತ್ತು ಕೊಯ್ದವನ ಮೇಲೆ ಸೇಡು ತೀರಿಸಿಕೊಳ್ಳುವುದು ನ್ಯಾಯವೋ, ಅನ್ಯಾಯವೋ?"

"ಈ ಹರಿಗೋಲು ಯಾರಿಗೋ?"

"ವೀರಭದ್ರನಿಗೆ."

"ಓಹೋ," ಎಂದರು ಅಜ್ಜಾರು.

ಆ ಓಹೋಗೆ ಕಾರಣವಿತ್ತು. ವೀರಭದ್ರ, ಹೊನ್ನಯ್ಯ ಒಂದೇ ಊರಿನವರು, ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರು. ಊರ ಜನರನ್ನು ಹೊಳೆ ದಾಟಿಸುವ ಕೆಲಸ ಆಗ ಹೊನ್ನಯ್ಯನದು. ಎಲ್ಲಿ ಸುಳಿ, ಎಲ್ಲಿ ಮುಳುಗಿದ ಬಂಡೆ ಎಂಬುದನ್ನೆಲ್ಲ ಅವನೇ ಗೆಳೆಯನಿಗೆ ಕಲಿಸಿದ. ಕಲಿತಾದ ಮೇಲೆ ಗೆಳೆಯ ಹೋಗಿ ಗೌಡರ ಕಿವಿಯಲ್ಲಿ, "ಹೊನ್ನಯ್ಯ ಕುಡಿದು ಹುಟ್ಟು ಹಾಕುತ್ತಾನೆ," ಎಂದ.

ಶುದ್ಧ ಸುಳ್ಳು. ಮಜ್ಜಿಗೆ ಹುಳಿಯಾದರೂ ಹೊನ್ನಯ್ಯ ಮುಖ ಕಿವುಚುವವನು. ಆದರೆ ಜನ ನಂಬಿದರು. ಕೆಲಸ ವೀರಭದ್ರನ ಪಾಲಾಯಿತು. ಹೊನ್ನಯ್ಯ ಅವಮಾನ ತಾಳಲಾರದೆ, ಒಂದು ಮಾತೂ ಆಡದೆ ಊರು ಬಿಟ್ಟು ಇಲ್ಲಿಗೆ ಬಂದ. ಈಗ ಅದೇ ವೀರಭದ್ರ, ಮಾಡುವವನು ಯಾರೆಂದು ತಿಳಿಯದೆ, ಹೊಸ ಹರಿಗೋಲು ಬೇಕೆಂದು ಹೇಳಿಕಳಿಸಿದ್ದ.

"ಉತ್ತರ ಹೇಳಲಿಲ್ಲ, ಅಜ್ಜಾರೇ."

"ಕೆಲಸ ಮುಗಿಸು. ನೀರಿನ ಮೇಲೆ ಹೇಳುತ್ತೇನೆ."

ಆದರೆ ಹೊನ್ನಯ್ಯನ ಕೈ ಅಷ್ಟು ಹೊತ್ತು ಕಾಯಲಿಲ್ಲ. ತಳದಲ್ಲಿ ನಾಲ್ಕು ಬೆರಳಗಲದ ಒಂದು ಹೊಲಿಗೆಗೆ ಅವನು ರಾಳದ ಬದಲು ತೆಳ್ಳಗೆ ಮೇಣ ಸವರಿ, ಮೇಲೆ ಮಸಿ ಬಳಿದ. ನೋಡಲು ಎರಡೂ ಒಂದೇ. ಮೇಣ ಸ್ವಲ್ಪ ಹೊತ್ತು ತಡೆಯುತ್ತದೆ, ಆಮೇಲೆ ಬಿಡುತ್ತದೆ.

ವೀರಭದ್ರ ಸಾಯಲಿ ಎಂದಲ್ಲ. ಅವನಿಗೆ ಈಜು ಬರುತ್ತದೆ. ನಾಲ್ಕು ಜನರೆದುರು ನಡುಹೊಳೆಯಲ್ಲಿ ಮಾನ ಹೋಗಲಿ, ಅಷ್ಟೇ. ಹಾಗೆಂದು ಹೊನ್ನಯ್ಯ ತನಗೆ ತಾನೇ ಹೇಳಿಕೊಂಡ.

ಹೊಸ ಹರಿಗೋಲು ಕೊಡುವ ಮೊದಲು ಆಶ್ರಮದವರೇ ಕೂತು ಒಮ್ಮೆ ಹೊಳೆಗೆ ಹೋಗಿಬರುವುದು ಅಲ್ಲಿನ ಪದ್ಧತಿ. ಅಜ್ಜಾರಿಗೆ ಮಂಡಿನೋವು ಬಂದಾಗಿನಿಂದ ಹೊನ್ನಯ್ಯ ಒಬ್ಬನೇ ಹೋಗುತ್ತಿದ್ದ. ಈ ಸಲ ದಡದ ಹತ್ತಿರವೇ ಒಂದಿಷ್ಟು ಆಡಿಸಿ ತಂದರಾಯಿತು ಎಂದುಕೊಂಡಿದ್ದ.

ಆದರೆ ಅಜ್ಜಾರು ಪಂಚೆ ಎತ್ತಿ ಕಟ್ಟಿ ಒಳಗೆ ಕೂತೇಬಿಟ್ಟರು.

"ಅಜ್ಜಾರೇ, ನಿಮ್ಮ ಮಂಡಿ!"

"ಕೂರುವುದಕ್ಕೆ ಅದರ ತಕರಾರಿಲ್ಲ. ಏಳುವಾಗ ತಾನೇ ಜಗಳ."

"ಬಿಸಿಲು ಜೋರಾಗಿದೆ."

"ನಿನಗೇನು ನೆರಳಿದೆಯೇ?"

"ನಿಮಗೆ ಈಜು ಬರುವುದಿಲ್ಲ!"

"ಹರಿಗೋಲು ಮಾಡಿದವನು ನೀನು. ನನಗೆ ಈಜು ಯಾಕೋ ಬೇಕು?"

ನಿಜ ಹೇಳಲು ಹೊನ್ನಯ್ಯನಿಗೆ ಬಾಯಿ ಬರಲಿಲ್ಲ. ಒಳಗೆ ಹತ್ತಿ, ಮೇಣದ ಹೊಲಿಗೆ ಇದ್ದಲ್ಲಿ ಹಿಮ್ಮಡಿ ಊರಿ ಗಟ್ಟಿಯಾಗಿ ಒತ್ತಿ ನಿಂತ.

"ನಡುಹೊಳೆಗೆ ನಡೆಸು," ಎಂದರು ಅಜ್ಜಾರು.

ಹರಿಗೋಲು ನೆಟ್ಟಗೆ ಹೋಗಬೇಕಾದರೆ ಅತ್ತ ಇತ್ತ ವಾಲಿ ಎರಡೂ ಬದಿಗೆ ಹುಟ್ಟು ಹಾಕಬೇಕು. ಒಂದು ಕಾಲು ಕಿತ್ತಿಡಲಾಗದವನು ಒಂದೇ ಬದಿಗೆ ಹಾಕುತ್ತಾನೆ. ಒಂದೇ ಬದಿಗೆ ಹಾಕಿದರೆ ದುಂಡನೆಯ ಹರಿಗೋಲು ಇದ್ದಲ್ಲೇ ಸುತ್ತುತ್ತದೆ. ಸೆಳವಿಗೆ ಸಿಕ್ಕಿ ನಡುಹೊಳೆಗೆ ಬಂದ ಹರಿಗೋಲು ಅಲ್ಲೇ ಸುತ್ತತೊಡಗಿತು.

"ಇದೇನೋ ಹೊನ್ಯಾ, ಗಾಣಕ್ಕೆ ಕಟ್ಟಿದ ಹಾಗೆ! ಅದೇ ಅತ್ತಿಮರ ಮತ್ತೆ ಮತ್ತೆ ಬಂದು ನನ್ನನ್ನು ಮಾತಾಡಿಸುತ್ತಿದೆ."

"ಗಾಳಿ, ಅಜ್ಜಾರೇ."

"ಎಲೆ ಅಲ್ಲಾಡುತ್ತಿಲ್ಲ."

"ಸುಳಿ ಇರಬೇಕು."

"ಕುಡಿದಿದ್ದೀಯೇನೋ?"

ಹೊನ್ನಯ್ಯನಿಗೆ ಕೆನ್ನೆಗೆ ಹೊಡೆದಂತಾಯಿತು. "ಅಜ್ಜಾರೇ! ನೀವೂ ಆ ಮಾತು ಆಡುವುದೇ?"

"ನಾನಲ್ಲಪ್ಪ. ದಂಡೆಯಲ್ಲಿ ನಿಂತು ನೋಡಿದವರು ಹಾಗನ್ನುತ್ತಾರೆ. ಅಂದು ವೀರಭದ್ರ ಆಡಿದ್ದು ಸುಳ್ಳು. ಇಂದು ನೀನೇ ಅದನ್ನು ನಿಜದ ಹಾಗೆ ಆಡಿಸುತ್ತಿದ್ದೀಯ."

ಅಷ್ಟರಲ್ಲಿ ಹಿಮ್ಮಡಿಯ ಪಕ್ಕದಿಂದ ನೀರು ಜಿನುಗಿ ಅಜ್ಜಾರ ಪಂಚೆಯ ಅಂಚು ಒದ್ದೆಯಾಯಿತು. ಅವರು ಅದನ್ನು ನೋಡಿದರು. ಹೊನ್ನಯ್ಯನ ಮುಖವನ್ನೂ ನೋಡಿದರು.

"ಕಾಲು ತೆಗೆ."

"ಆಗುವುದಿಲ್ಲ, ಅಜ್ಜಾರೇ." ಅವನು ಹಿಮ್ಮಡಿಯನ್ನು ಇನ್ನಷ್ಟು ಒತ್ತಿದ. "ಅಲ್ಲಿ ರಾಳ ಇಲ್ಲ. ನಾನೇ ಬಳಿದಿಲ್ಲ. ನೀವು ಇಳಿಯುವವರೆಗೆ ತೆಗೆಯುವುದಿಲ್ಲ."

"ನನಗೆ ನಿನ್ನ ಕಾಲಿದೆ. ನಾಳೆ ಇದರಲ್ಲಿ ಒಬ್ಬ ಬಾಣಂತಿ ಮಗು ಎತ್ತಿಕೊಂಡು ಕೂರುತ್ತಾಳೆ. ಅವಳಿಗೆ ಯಾರ ಕಾಲೋ?"

ಹೊನ್ನಯ್ಯ ಬಾಣಂತಿಯ ಬಗ್ಗೆ ಯೋಚಿಸಿಯೇ ಇರಲಿಲ್ಲ. ಅವನ ಲೆಕ್ಕದಲ್ಲಿ ಆ ಹರಿಗೋಲಿನಲ್ಲಿ ಇದ್ದವನು ವೀರಭದ್ರ ಒಬ್ಬನೇ. ಉಳಿದವರು ನೋಡಿ ನಗುವವರು. ಅವನು ಹುಟ್ಟು ಹಿಡಿದುಕೊಂಡೇ ಅತ್ತ.

"ಅವನು ಮಾಡಿದ್ದು ತಪ್ಪಲ್ಲವೇ, ಅಜ್ಜಾರೇ?"

"ತಪ್ಪು. ದ್ರೋಹ. ಅದನ್ನು ಸಣ್ಣದು ಎಂದು ನಾನು ಯಾವತ್ತೂ ಅನ್ನುವುದಿಲ್ಲ, ಮಗಾ."

ಹಾಗೆಂದು ಅಜ್ಜಾರು ಕೂತಲ್ಲಿಂದಲೇ ತೆವಳಿ ಬಂದರು. ನೋಯುವ ಮಂಡಿಯನ್ನು ಕೈಯಿಂದ ಎತ್ತಿ, ತಮ್ಮ ಹಿಮ್ಮಡಿಯನ್ನು ಅವನ ಹಿಮ್ಮಡಿಯ ಪಕ್ಕಕ್ಕೆ ಒತ್ತಿದರು.

"ಈಗ ನಿನ್ನದು ತೆಗೆ. ಎರಡೂ ಬದಿಗೆ ಹಾಕು. ಬೇಗ ಹಾಕೋ, ನನಗೆ ಈಜು ಬರುವುದಿಲ್ಲ."

ಹೊನ್ನಯ್ಯ ಅಳುತ್ತಲೇ ನಕ್ಕ. ಹರಿಗೋಲು ನೆಟ್ಟಗೆ ದಡಕ್ಕೆ ಬಂತು.

ಅವನು ಗುರುವನ್ನು ಎತ್ತಿ ಇಳಿಸಿ, ಅವರ ಪಾದವನ್ನು ತನ್ನ ಹೆಗಲ ವಸ್ತ್ರದಿಂದ ಒರೆಸಿದ. ಹರಿಗೋಲನ್ನು ಬೋರಲು ಹಾಕಿ ಮೇಣ ಕೆರೆದು ತೆಗೆದ. ರಾಳ ಕಾಯಲು ಇಟ್ಟ. ಆಮೇಲೆ ಮೆಲ್ಲಗೆ ಕೇಳಿದ:

"ಸೇಡು ಬೇಡ ಅಂದರೆ, ಸುಮ್ಮನಿದ್ದುಬಿಡಬೇಕೇ?"

"ಸುಮ್ಮನಿರು ಎಂದವರು ಯಾರು? ಅಂದು ಸುಮ್ಮನೆ ಬಂದದ್ದೇ ಸಾಕು. ನಾಳೆ ಇದೇ ಹರಿಗೋಲಿನಲ್ಲಿ ಇಬ್ಬರೂ ನಿನ್ನೂರಿಗೆ ಹೋಗೋಣ. ಗೌಡರ ಮುಂದೆ, ವೀರಭದ್ರನ ಎದುರಿಗೇ ನಿಂತು, ಅಂದು ಆಡದ ಮಾತು ಆಡು."

"ಜನ ನಂಬದಿದ್ದರೆ?"

ಅಜ್ಜಾರು ಮಂಡಿ ನೀವಿಕೊಳ್ಳುತ್ತಾ ರಾಳದ ಪಾತ್ರೆಯನ್ನು ಅವನತ್ತ ಸರಿಸಿದರು.

"ಮೊದಲು ಇದನ್ನು ದಪ್ಪಗೆ ಬಳಿ, ಮಗಾ. ನಿಂತು ಮಾತಾಡುವುದಕ್ಕೆ ಎರಡೂ ಕಾಲು ಬೇಕಾಗುತ್ತವೆ."