ನಾಲ್ಕು ಬೆರಳು ಏರಿದ ಹರಿಗೋಲು

ಒಂದು ಹೊಳೆ ದಡದಲ್ಲಿ ಸಣ್ಣಜವರ ಅಂತ ಒಬ್ಬ ಅಂಬಿಗ ಇದ್ದ. ಸಣ್ಣ ಅನ್ನೋದು ಹೆಸರಲ್ಲಿ ಮಾತ್ರ. ಅವನು ಹರಿಗೋಲಿಗೆ ಕಾಲಿಟ್ಟ ಅಂದ್ರೆ ಹೊಳೆ ನೀರು ಒಂದು ಗೇಣು ಮೇಲಕ್ಕೆ ಬರೋದು. ಕೆಳಗಿನ ಊರಿನವರು ಘಟ್ಟದಲ್ಲಿ ಮಳೆ ಹೊಡೀತು ಅಂತ ಎಮ್ಮೆ, ಕರು ಹಿಡ್ಕೊಂಡು ದಿಬ್ಬ ಹತ್ತೋರು. ಒಂದು ಗೇಣು ಅನ್ನೋದೂ ಕಮ್ಮಿ ಲೆಕ್ಕವೇ.

ಹರಿಗೋಲು ಗೊತ್ತಲ್ಲ ಮಕ್ಕಳೇ? ಬಿದಿರು ಹೆಣೆದ ದೊಡ್ಡ ಬುಟ್ಟಿ. ಹೊರಗಡೆಯಿಂದ ಎಮ್ಮೆ ತೊಗಲು ಹೊದಿಸಿರ್ತಾರೆ. ಗುಂಡಗೆ ತಟ್ಟೆ ಥರ ತೇಲುತ್ತೆ. ಅಂಬಿಗ ಒಂದು ಹುಟ್ಟು ಹಿಡ್ಕೊಂಡು ಆಚೆ ದಡಕ್ಕೆ ಒಯ್ತಾನೆ.

ಆ ಊರಲ್ಲಿ ಒಂದು ಪದ್ಧತಿ ಇತ್ತು. ಹೊಳೆ ದಾಟೋ ಯಾವ ತಿಂಡಿ ಆದ್ರೂ ಮೊದಲ ಹಿಡಿ ಅಂಬಿಗನಿಗೆ. ಮಗಳ ಮನೆಗೆ ಒಬ್ಬಟ್ಟು ಒಯ್ದರೆ ಅಂಬಿಗನಿಗೆ ಒಂದು. ಸೀಮಂತಕ್ಕೆ ಚಕ್ಕುಲಿ ಒಯ್ದರೆ ಅಂಬಿಗನಿಗೆ ಒಂದು ಹಿಡಿ. ಜವರನ ಅಪ್ಪನೂ ತಗೊಂಡ, ಅಜ್ಜನೂ ತಗೊಂಡ. ಅವರ ಕಾಲದಲ್ಲಿ ಊರು ಚಿಕ್ಕದು, ಹಬ್ಬ ಕಮ್ಮಿ. ಜವರನ ಕಾಲಕ್ಕೆ ಆಚೆ ದಡಕ್ಕೆ ಹೆಣ್ಣು ಕೊಡೋದೂ ತರೋದೂ ಜೋರಾಯ್ತು. ಬೆಳಿಗ್ಗೆ ತಂಬಿಟ್ಟು, ಮಧ್ಯಾಹ್ನ ರವೆ ಉಂಡೆ, ಸಂಜೆ ಕೋಡುಬಳೆ. ಕಜ್ಜಾಯ ಬಂದ ದಿನ ಅಂತೂ ಕೇಳ್ಬೇಡಿ. ಕಜ್ಜಾಯದ ವಾಸನೆ ಮೂರು ಹರದಾರಿ ಆಚೆ ಇದ್ರೂ ಅವನ ಮೂಗು ಆ ಕಡೆಗೇ ತಿರುಗೋದು, ಹರಿಗೋಲೂ ಮೂಗಿನ ಹಿಂದೇನೇ ಹೋಗೋದು.

ಹೀಗೆ ತಿಂದೂ ತಿಂದೂ, ಐದು ಜನ ಕೂರೋ ಹರಿಗೋಲಲ್ಲಿ ನಾಲ್ಕು ಜನ ಕೂರೋ ಹಾಗಾಯ್ತು. ಆಮೇಲೆ ಮೂರು. ಉಳಿದವರು ದಡದಲ್ಲಿ ಬಿಸಿಲಿಗೆ ಒಣಗ್ತಾ ಕಾಯೋರು. ಒಂದು ದಿನ ಒಬ್ಬ ಬಸುರಿ ಹೆಂಗಸು ಹಾಗೇ ಕಾದೂ ಕಾದೂ ತಲೆ ಸುತ್ತಿ ಬಿದ್ದಳು. ನೀರು ಚಿಮುಕಿಸಿ ಎಬ್ಬಿಸಿದ್ರು, ಪುಣ್ಯಕ್ಕೆ ಏನೂ ಆಗಲಿಲ್ಲ. ಆದ್ರೆ ಊರ ಪಟೇಲ ಕೆಂಚೇಗೌಡ್ರು ದಡಕ್ಕೇ ಬಂದ್ಬಿಟ್ರು.

"ಏನ್ಲಾ ಜವರ, ನೀನು ಜನ ದಾಟಿಸ್ತಿದೀಯೋ, ನಿನ್ನ ಹೊಟ್ಟೆ ದಾಟಿಸ್ತಿದೀಯೋ?"

"ತಪ್ಪಾಯ್ತು ಬುದ್ಧಿ."

"ತಪ್ಪು ಅಂದ್ರೆ ಸಾಲದು. ದೀಪಾವಳಿ ದಿನ ಐದು ಜನ ಇದರಲ್ಲಿ ಕೂರ್ಬೇಕು, ನೀನೂ ಇರ್ಬೇಕು. ಹರಿಗೋಲಿನ ಅಂಚು ನೀರಿಂದ ನಾಲ್ಕು ಬೆರಳು ಮೇಲಿರ್ಬೇಕು. ಇಲ್ಲ ಅಂದ್ರೆ ಹುಟ್ಟು ಬೇರೆಯವನ ಕೈಗೆ."

ಹುಟ್ಟು ಬಿಟ್ರೆ ಜವರನಿಗೆ ಬೇರೆ ಏನೂ ಗೊತ್ತಿಲ್ಲ. ನೆಲದ ಮೇಲೆ ನಡೆಯೋದೇ ಅವನಿಗೆ ಅಷ್ಟು ಚೆನ್ನಾಗಿ ಬರ್ತಿರಲಿಲ್ಲ, ನಾಲ್ಕು ಹೆಜ್ಜೆ ಹಾಕಿದ್ರೆ ಮಂಡಿ ನೋವು ಅಂತ ಬೈಕೊಳ್ಳೋನು.

ಆಗ ಯುಗಾದಿ ಕಳೆದು ಹದಿನೈದು ದಿನ. ಜವರ ಮಾರನೇ ದಿನವೇ ಉಪವಾಸ ಹಿಡಿದ. ಬೆಳಿಗ್ಗೆಯಿಂದ ಹನಿ ಗಂಜೀನೂ ಕುಡೀಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಳೆಯಲ್ಲಿ ತೇಲೋ ಎಲೆ ಎಲ್ಲಾ ಒಬ್ಬಟ್ಟು ಥರ ಕಾಣ್ತು. ಸಂಜೆ ಮನೆಗೆ ಬಂದವನೇ ಹನ್ನೊಂದು ಮುದ್ದೆ ನುಂಗಿದ. ಸಾರು ಮುಗೀತು, ಪಾತ್ರೆ ತೊಳೆದ ನೀರು ಉಳೀತು.

ಅವನ ಹೆಂಡತಿ ಹೊಂಬಾಳಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು ನೋಡ್ತಾ ನಿಂತಿದ್ದಳು. "ನೀನು ಉಪಾಸ ಮಾಡ್ನಿಲ್ಲ ಕಣ್ ಬುಡು. ಹೊಟ್ಟೆಗೆ ಸಿಟ್ಟು ಬರಿಸಿ ಮನೆಗೆ ಕರ್ಕೊಂಡು ಬಂದಿದ್ದೀಯ. ನಾಳಿಂದ ಹೊತ್ತೊತ್ತಿಗೆ ಒಂದೊಂದು ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಸಾರು. ನಾನು ಕೊಟ್ಟಷ್ಟು ಉಣ್ಣು."

ಮನೆ ಊಟ ಸರಿಹೋಯ್ತು. ಹೊಳೆ ಮೇಲಿನ ಹಿಡಿಗೆ ಏನು ಮಾಡೋದು? ಬೇಡ ಅಂದ್ರೆ ಕೊಟ್ಟವರಿಗೆ ಅವಮಾನ. ತಗೊಂಡ್ರೆ ಕೈ ಕೇಳಲ್ಲ.

ಇದಕ್ಕೆ ದಾರಿ ತೋರಿಸಿದ್ದು ಹೊಳೇನೇ. ಒಂದು ದಿನ ಒಬ್ಬಳು ಹೆಂಗಸು ದಡ ಬಿಡುವಾಗ ಒಂದು ಹಿಡಿ ಚಕ್ಕುಲಿ ಅವನ ಮಡಿಲಿಗೆ ಹಾಕಿದಳು. ಬಾಯಲ್ಲಿ ನೀರೂರಿತು. ಅಷ್ಟರಲ್ಲಿ ಸುಳಿಗೆ ಸಿಕ್ಕಿ ಹರಿಗೋಲು ಬುಗುರಿ ಥರ ತಿರುಗೋಕೆ ಶುರುವಾಯ್ತು. ಎರಡೂ ಕೈ ಹುಟ್ಟಿನ ಮೇಲೆ. ಚಕ್ಕುಲಿ ಮಡಿಲಲ್ಲಿ, ಮನಸ್ಸು ಚಕ್ಕುಲಿಯಲ್ಲಿ, ಕೈ ಮಾತ್ರ ನೀರಲ್ಲಿ. ನಡು ಹೊಳೆಗೆ ಬಂದಾಗ ಆಸೆ ಗಂಟಲಿಗೆ ಬಂದು ಕೂತಿತ್ತು. ಅಲ್ಲಿಂದ ಮುಂದೆ ನಿಧಾನಕ್ಕೆ ಇಳೀತು. ಆಚೆ ದಡ ಮುಟ್ಟಿದಾಗ ನೋಡ್ತಾನೆ, ಆಸೆ ಎಲ್ಲೋ ನಡುವೆ ಇಳಿದು ಹೋಗಿತ್ತು.

"ಅರೆರೆ!" ಅಂದ ಜವರ. "ಇದರ ಆಯಸ್ಸು ಒಂದು ಹೊಳೆ ದಾಟೋವಷ್ಟೇಯಾ?"

ಅವತ್ತಿಂದ ಅದೇ ನೇಮ. ಯಾರು ಏನು ಕೊಟ್ರೂ ಎರಡೂ ಕೈಯಲ್ಲಿ ತಗೊಂಡು ಕಣ್ಣಿಗೆ ಒತ್ಕೊಳ್ಳೋನು. ಬಾಳೆ ಎಲೆಯಲ್ಲಿ ಸುತ್ತಿ ಪಕ್ಕಕ್ಕಿಟ್ಟು ಹುಟ್ಟು ಹಾಕೋನು. ದಡ ಮುಟ್ಟಿದ ಮೇಲೆ ಒಂದು ಚೂರು ಮುರ್ಕೊಂಡು, ಕಣ್ಣು ಮುಚ್ಚಿ, ನಿಧಾನಕ್ಕೆ ತಿನ್ನೋನು. ಮಿಕ್ಕಿದ್ದು ಆಚೆ ದಡದಲ್ಲಿ ಸೌದೆ ಹೊರೆ ಇಳಿಸಿ ಕಾಯ್ತಾ ಇರೋರಿಗೆ.

ಮೊದಮೊದಲು ಕೆಲವರು ಮುನಿಸ್ಕೊಂಡ್ರು. "ಯಾಕ್ ಜವರಣ್ಣ, ನಮ್ಮನೆ ಒಬ್ಬಟ್ಟು ರುಚಿ ಕೆಟ್ಟೋಯ್ತಾ?"

"ಇಲ್ಲ ಕಣವ್ವ. ಮುಂಚೆ ಹತ್ತು ತಿಂತಿದ್ದೆ, ಒಂದರ ರುಚಿಯೂ ಗೊತ್ತಾಗ್ತಿರಲಿಲ್ಲ. ಈಗ ಒಂದು ಚೂರು ತಿಂತೀನಿ, ನೀನು ಏಲಕ್ಕಿ ಹಾಕಿರೋದೂ ಗೊತ್ತಾಯ್ತದೆ. ನಿನ್ ಕೈ ತಣ್ಣಗಿರಲಿ."

ಆ ಹೆಂಗಸು ನಾಚ್ಕೊಂಡು ನಕ್ಕಳು. ಏಲಕ್ಕಿ ಹಾಕಿದ್ದು ಅವಳ ಗಂಡನಿಗೂ ಗೊತ್ತಾಗಿರಲಿಲ್ಲ.

ದಿನಾ ಬೆಳಿಗ್ಗೆ ಜವರ ಒಬ್ಬನೇ ಹರಿಗೋಲಲ್ಲಿ ಕೂರೋನು. ಹೊಂಬಾಳಮ್ಮ ಹೊಳೆ ಮೆಟ್ಟಿಲಲ್ಲಿ ಬಗ್ಗಿ ನೀರಿಗೂ ಅಂಚಿಗೂ ನಡುವೆ ಬೆರಳು ಇಟ್ಟು ಅಳೆಯೋಳು. "ಇವತ್ತು ಒಂದು ರಾಗಿ ಕಾಳಷ್ಟು ಏರೈತೆ." ಇನ್ನೊಂದು ದಿನ, "ಎರಡು ರಾಗಿ ಕಾಳು!" ಅಷ್ಟು ಕೇಳಿದ್ರೆ ಸಾಕು, ಅವತ್ತು ಪೂರ್ತಿ ಜವರ ಹಾಡ್ಕೊಂಡೇ ಹುಟ್ಟು ಹಾಕೋನು. ಅವನ ರಾಗಕ್ಕೆ ಮೊಸಳೆಗಳು ಊರು ಬಿಟ್ಟವು ಅಂತಾರೆ.

ಆಮೇಲೆ ಶ್ರಾವಣ ಬಂತು. ಜಡಿಮಳೆ. ಎರಡು ತಿಂಗಳು ಸೂರ್ಯನ ಮುಖ ಕಾಣಲಿಲ್ಲ. ಜವರ ನೇಮ ಬಿಡಲಿಲ್ಲ. ಆದ್ರೆ ಹೊಂಬಾಳಮ್ಮನ ಬೆರಳು ಬೇರೆ ಹೇಳ್ತು.

"ಇವತ್ತು ಏರಿಲ್ಲ."

ಮಾರನೇ ದಿನವೂ ಏರಿಲ್ಲ. ವಾರ ಆಯ್ತು. ಒಂದು ದಿನ ಅವಳು ಮೂರು ಸಲ ಅಳೆದಳು. ಆಮೇಲೆ ಮೆಲ್ಲಗೆ, "ಅರ್ಧ ಬೆರಳು ಇಳಿದೈತೆ" ಅಂದಳು.

"ಏನೂ ತಿಂದಿಲ್ಲ ಕಣಮ್ಮಿ! ನಿನ್ನಾಣೆ!"

"ನಂಗೊತ್ತು. ನಾನೇ ಬಡಿಸಿರೋದು."

ಜವರನ ಹಾಡು ನಿಂತೋಯ್ತು. ಇಷ್ಟು ದಿನ ಬಾಯಿ ಕಟ್ಟಿ ಸಿಕ್ಕಿದ್ದು ಇದೇನಾ ಅಂತ ಒಳಗೇ ಕುದಿಯೋಕೆ ಶುರು ಮಾಡಿದ. ಮಾರ್ನಮಿ ಹೊತ್ತಿಗೆ ಮಳೆಯೇನೋ ಬಿಡ್ತು. ದೀಪಾವಳಿಗೆ ಇನ್ನು ಮೂರೇ ವಾರ.

ಅವತ್ತು ಹರಿಗೋಲಲ್ಲಿ ಒಬ್ಬಳೇ ಕೂತಿದ್ದಳು ದೊಡ್ಡತಾಯಮ್ಮ. ಬಿದಿರು ಹೆಣೆಯೋ ಮೇದರ ಅಜ್ಜಿ. ಜವರನ ಹರಿಗೋಲು ಹೆಣೆದದ್ದೂ ಅವಳೇ. ಮಗಳ ಮನೆಗೆ ಹೊರಟಿದ್ದಳು. ಮಡಿಲಲ್ಲಿ ಒಂದು ಮಡಕೆ. ಮಡಕೆ ತುಂಬ ಕಜ್ಜಾಯ.

"ತಗೋ ಮಗ, ನಿನ್ನ ಪಾಲು" ಅಂತ ಒಂದು ಕೊಟ್ಟಳು.

ಜವರ ಕಣ್ಣಿಗೆ ಒತ್ಕೊಳ್ಳಲಿಲ್ಲ. ಎಲೆಯಲ್ಲಿ ಸುತ್ತಲಿಲ್ಲ. ದಡ ಬಿಡೋದಕ್ಕೆ ಮುಂಚೇನೇ ಗುಳುಂ ಅಂತ ನುಂಗಿದ. "ಇನ್ನೊಂದು ಕೊಡಜ್ಜಿ" ಅಂದ. ಕೊಟ್ಟಳು. "ಇನ್ನೊಂದು." ಹೀಗೆ ಐದಾಯ್ತು. ಆರನೇದಕ್ಕೆ ಕೈ ಚಾಚಿದಾಗ ಅಜ್ಜಿ ಕಜ್ಜಾಯ ಕೊಡದೆ ಅವನ ಮುಖ ನೋಡಿದಳು. ಇಷ್ಟು ದಪ್ಪ ಗಂಡಸು ಕೂಸಿನ ಥರ ಬಿಕ್ಕಳಿಸ್ತಾ ಇದ್ದ.

"ಯಾಕ್ಲಾ ಮಗ?"

"ಹೋಯ್ತು ಅಜ್ಜಿ. ಹುಟ್ಟು ಹೋಯ್ತು. ಆರು ತಿಂಗಳು ಬಾಯಿ ಕಟ್ಟಿದೆ. ಹರಿಗೋಲು ಮೇಲೇಳೋದು ಬಿಟ್ಟು ಕೆಳಗೆ ಹೋಗ್ತಾ ಐತೆ. ಇನ್ನು ತಿಂದ್ರೇನು, ಬಿಟ್ರೇನು?"

ದೊಡ್ಡತಾಯಮ್ಮ ಬಗ್ಗಿ ಬಿದಿರಿನ ಸಂದಿಯಲ್ಲಿ ಬೆರಳು ತೂರಿಸಿ ತೊಗಲನ್ನ ಒತ್ತಿ ನೋಡಿದಳು. ಪಿಚಕ್ ಅಂತ ನೀರು ಬಂತು. ಬೆರಳು ಮೂಸಿ ಮುಖ ಕಿವುಚಿದಳು.

"ಇದನ್ನ ಒಣಗಿಸಿ ಎಷ್ಟು ದಿನ ಆಯ್ತು?"

ಜವರ ತಲೆ ಕೆರ್ಕೊಂಡ. ಮೂರು ದಿನಕ್ಕೊಂದು ಸಲ ಹರಿಗೋಲನ್ನ ದಡಕ್ಕೆ ಹಾಕಿ, ಬೋರಲು ಮಾಡಿ, ಬಿಸಿಲಿಗೆ ಒಣಗಿಸಿ ಎಣ್ಣೆ ಸವರ್ಬೇಕು. ಅಪ್ಪ ಹೇಳಿಕೊಟ್ಟ ಮೊದಲ ಪಾಠ ಅದು. ಬಿಸಿಲೇ ಇಲ್ಲ ಅಂತ ಒಂದು ವಾರ ಒಣಗಿಸೋದು ಬಿಟ್ಟಿದ್ದ. ಆಮೇಲೆ ಜನ ಕಾಯಬಾರದು, ಪಟೇಲ್ರು ಮತ್ತೆ ಬರಬಾರದು ಅಂತ ಮಳೆಯಲ್ಲೂ ಒಂದು ದಿನ ಬಿಡದೆ ದಾಟಿಸಿದ್ದ. ಹರಿಗೋಲು ಶ್ರಾವಣದಿಂದ ನೀರಲ್ಲೇ ಇತ್ತು.

"ನೀರು ಕುಡಿದು ಊದಿಕೊಂಡಿರೋದು ತೊಗಲು ಕಣ್ಲಾ. ಅದರ ಭಾರ ನಿನ್ನ ತಲೆ ಮೇಲೆ ಹಾಕ್ಕೊಂಡು ಅಳ್ತಾ ಕೂತಿದ್ದೀಯಲ್ಲ. ಎತ್ತು ಇದನ್ನ, ದಡಕ್ಕೆ ಹಾಕು."

ಅಜ್ಜಿ ಮಡಕೆ ತಗೊಂಡು ಕೆಳಗಿಳಿದಳು. ಜವರ ಬಗ್ಗಿದ, ಅಂಚು ಹಿಡಿದ, ಒಂದೇ ಏಟಿಗೆ ಹರಿಗೋಲನ್ನ ತಲೆ ಮೇಲೆ ಹೊತ್ತು, ಇಪ್ಪತ್ತೆರಡು ಮೆಟ್ಟಿಲು ಹತ್ತಿ, ಮೇಲೆ ಬೋರಲು ಹಾಕಿದ.

ಅಜ್ಜಿ ಹಿಂದೆಯೇ ಬಂದಳು. "ಹೋದ ವರ್ಷ ಇದು ಒಣಗಿರುವಾಗ್ಲೇ ಎತ್ತೋಕೆ ನಾಲ್ಕು ಜನ ಕರೆದಿದ್ದೆ ನೀನು. ಮೆಟ್ಟಿಲು ಹತ್ತುವಾಗ ನಡುವೆ ಮೂರು ಕಡೆ ಕೂತಿದ್ದೆ. ಇವತ್ತು ಒದ್ದೆ ಹರಿಗೋಲು ಒಬ್ಬನೇ ಹೊತ್ತೆ. ಏದುಸಿರು ಬಂತಾ?"

ಜವರ ಎದೆ ಮೇಲೆ ಕೈ ಇಟ್ಕೊಂಡ. ಬಂದಿರಲಿಲ್ಲ. ಮಂಡಿ ಮುಟ್ಟಿ ನೋಡ್ಕೊಂಡ. ನೋವಿರಲಿಲ್ಲ.

"ಆದ್ರೂ ಐದು ಕಜ್ಜಾಯ ತಿಂದ್ಬಿಟ್ಟೆ ಅಜ್ಜಿ."

"ಐದು ತಾನೆ? ಐದರ ಹಿಂದೆ ಮಡಕೆ ಪೂರ್ತಿ ಹೋಗ್ಬೇಕಾ? ನಾಳೆ ಹೊಳೆ ಅಲ್ಲೇ ಇರ್ತದೆ, ನೀನೂ ಇರ್ತೀಯ. ಹರಿಗೋಲು ಒಣಗಿದ ಮೇಲೆ ಮತ್ತೆ ಹುಟ್ಟು ಹಿಡಿ."

ನಾಲ್ಕು ದಿನ ದಾಟಿಸೋದು ಬಂದ್ ಅಂತ ಹೊಂಬಾಳಮ್ಮ ಊರಿಗೆಲ್ಲ ಹೇಳಿ ಬಂದಳು. ಯಾರೂ ಗೊಣಗಲಿಲ್ಲ. ಅವನ ಕೈಯಿಂದ ಚಕ್ಕುಲಿ ತಿಂದಿದ್ದ ಸೌದೆ ಹೆಂಗಸರು ಆಚೆ ದಡದಲ್ಲಿ ಬಂಧುಗಳ ಮನೆಯಲ್ಲೇ ಉಳ್ಕೊಂಡ್ರು. ದೊಡ್ಡತಾಯಮ್ಮ ಮಗಳ ಮನೆ ಪ್ರಯಾಣ ಮುಂದಕ್ಕೆ ಹಾಕಿ, ಸಡಿಲ ಆಗಿದ್ದ ಬಿದಿರು ಬಿಗಿ ಮಾಡಿಕೊಟ್ಟಳು. ಬಿಸಿಲು ಕಾಯ್ತು. ಎಣ್ಣೆ ಹಿಡೀತು. ಐದನೇ ದಿನ ನೀರಿಗಿಳಿಸಿ ಜವರ ಒಳಗೆ ಕೂತ. ಹೊಂಬಾಳಮ್ಮ ಬೆರಳಿಟ್ಟವಳು ಬೆರಳು ತೆಗೆಯದೆ ಹಾಗೇ ನಿಂತಳು.

"ಏನಾಯ್ತಮ್ಮಿ? ಎಷ್ಟು ರಾಗಿ ಕಾಳು?"

"ರಾಗಿ ಕಾಳು ಬುಡು. ಎರಡು ಬೆರಳು ಏರೈತೆ!"

ದೀಪಾವಳಿ ದಿನ ಊರಿಗೆ ಊರೇ ದಡಕ್ಕೆ ಬಂತು. ಐದು ಜನರನ್ನ ಆರಿಸಿದ್ದು ಪಟೇಲ್ರು. ಮೊದಲನೆಯವನು ಗಾಣದ ಯಜಮಾನ, ಎರಡನೆಯವನು ಕುಸ್ತಿ ಪೈಲ್ವಾನ. ಆಮೇಲೆ ಇಬ್ಬರು ಅಕ್ಕತಂಗೀರು, ಅವರು ಜಗಲಿ ಮೇಲೆ ಕೂತ್ರೆ ಮನೆ ವಾಲ್ತಿತ್ತು. ಐದನೆಯವರು ಯಾರು ಅಂತ ಎಲ್ಲಾ ನೋಡ್ತಿದ್ರೆ, ಕೆಂಚೇಗೌಡ್ರು ಪಂಚೆ ಎತ್ತಿ ಕಟ್ಟಿ ತಾವೇ ಹತ್ತಿದ್ರು.

ಹರಿಗೋಲು ಇಳೀತು, ಇಳೀತು, ನಿಂತ್ಕೊಂತು. ಹೊಂಬಾಳಮ್ಮ ಕೈ ಇಟ್ಟಳು. "ನಾಲ್ಕು ಬೆರಳು!"

"ಹೆಂಗಸರ ಬೆರಳು ಸಣ್ಣ. ನಾನು ನೋಡ್ತೀನಿ" ಅಂದ್ರು ಪಟೇಲ್ರು. ಅವರ ಬೆರಳು ರಸಬಾಳೆ ಹಣ್ಣಿನ ಗಾತ್ರ. ಮೂರು ಹಿಡೀತು, ನಾಲ್ಕನೇದು ನೀರಲ್ಲಿ ಮುಳುಗ್ತು.

ಜವರ ಹುಟ್ಟನ್ನ ಎದೆಗೆ ಅವಚಿಕೊಂಡ.

ಹೊಂಬಾಳಮ್ಮ ಸೆರಗು ಬಿಗಿದಳು. "ಗೌಡ್ರೇ, ಹಂಗಾದ್ರೆ ನಿಮ್ಮ ಬೆರಳಿಗೂ ಆರು ತಿಂಗಳು ಗಡುವು ಕೊಡೋಣ್ವಾ?"

ಮೊದಲು ನಕ್ಕಿದ್ದು ಪೈಲ್ವಾನ. ಆಮೇಲೆ ದಡವೇ ನಕ್ತು. ಪಟೇಲ್ರು ತಮ್ಮ ಬೆರಳು ನೋಡ್ಕೊಂಡ್ರು, ಹೊಂಬಾಳಮ್ಮನ ಬೆರಳು ನೋಡಿದ್ರು, ಕೊನೆಗೆ ತಾವೂ ಹೊಟ್ಟೆ ಕುಲುಕಿಸಿ ನಕ್ರು. ಅವರು ನಕ್ಕ ರಭಸಕ್ಕೆ ಹರಿಗೋಲು ತಾನೇ ಅರ್ಧ ಹೊಳೆ ದಾಟಿತು.

"ಹುಟ್ಟು ನಿಂದೇ ಕಣ್ಲಾ, ಹಾಕು!" ಅಂದ್ರು.

ಆಚೆ ದಡದಲ್ಲಿ ಏರು ಹತ್ತೋಕೆ ಆಗದೆ ಪಟೇಲ್ರು ನಡುವೆ ನಿಂತ್ರು. ಜವರ ಕೈ ಕೊಟ್ಟ. ಏದುಸಿರಲ್ಲೇ ಕೇಳಿದ್ರು, "ನಂಗೂ ಆಯ್ತದೇನ್ಲಾ ಇದು?"

"ಆಯ್ತದೆ ಬುದ್ಧಿ. ನಾಳೆ ಬೆಳಿಗ್ಗೆ ಬನ್ನಿ, ಒಂದು ಹುಟ್ಟು ನಿಮಗೂ ಕೊಡ್ತೀನಿ."

ಸಂಜೆ ಎಲ್ಲಾ ಹೋದ ಮೇಲೆ ಜವರ ಹರಿಗೋಲನ್ನ ದಡಕ್ಕೆ ಹಾಕಿ ತೊಳೆದ. ಹೊಂಬಾಳಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಅವನು ಅವಳ ಪಕ್ಕ ಬಂದು ಕೂತ್ಕೊಂಡು, ತನ್ನ ಎರಡೂ ಮಂಡಿ ಮೇಲೆ ಕೈ ಇಟ್ಟು ಸವರಿದ.

"ಇವಕ್ಕೆ ಎಷ್ಟು ಬೈದಿದ್ದೆ ನಾನು. ದರಿದ್ರದ ಮಂಡಿ ಅಂತ. ಅಷ್ಟೂ ವರ್ಷ, ಅಷ್ಟು ಭಾರ ಹೊತ್ಕೊಂಡು ಒಂದು ದಿನವೂ ನನ್ನ ನೀರಿಗೆ ಬೀಳಿಸಲಿಲ್ಲ ಕಣಮ್ಮಿ."

"ಹಂಗಾದ್ರೆ ಒಂದು ಸಲ ಕೈ ಮುಗಿ" ಅಂದಳು ಅವಳು ತಮಾಷೆಗೆ.

ಜವರ ನಿಜವಾಗ್ಲೂ ಕೈ ಮುಗಿದ. ಮೊದಲು ಮಂಡಿಗೆ. ಆಮೇಲೆ ಅವಳ ಬೆರಳಿಗೆ.

ನೀತಿ: ಬಾಯಿಚಪಲ ಬಂದಾಗ ಅದರ ಜೊತೆ ಗುದ್ದಾಡ್ಬೇಡಿ, ಒಂದು ಹೊಳೆ ದಾಟೋವಷ್ಟು ಹೊತ್ತು ಕಾಯಿರಿ, ಅದೇ ಇಳಿದು ಹೋಗುತ್ತೆ. ಅಳತೆ ಏರದ ದಿನ ಪಟ್ಟ ಕಷ್ಟ ದಂಡ ಅಂತ ಕೈ ಚೆಲ್ಬೇಡಿ. ಒಂದು ದಿನ ತಪ್ಪಿದ್ರೆ ಮಾರನೇ ದಿನ ಮತ್ತೆ ಹುಟ್ಟು ಹಿಡೀರಿ. ನಮ್ಮನ್ನ ಇಷ್ಟು ದೂರ ಹೊತ್ತು ತಂದ ಮೈಗೆ ಹೊಡೆದು ಬಡಿದು ಬುದ್ಧಿ ಕಲಿಸೋಕೆ ಹೋಗ್ಬೇಡಿ, ಅದರ ಉಪಕಾರ ನೆನೆದು ಅದರ ಭಾರ ಇಳಿಸಿ.